ಉಯಿಲು ಬರೆದಿಟ್ಟು ಡ್ಯೂಟಿಗೆ ಬರುವ ಡಬ್ಬಿ

ತಿಪಟೂರು ತಾಲ್ಲೂಕಿನ ಒಂದು ತೆಂಗಿನ ತೋಟ. ರಾತ್ರಿ ಒಂದೂಕಾಲು. ಭಾವ ಇರುವುದು ಬೆಂಗಳೂರಿನಲ್ಲಿ. ತೋಟಕ್ಕೆ ನೀರು ಬಿಡುವುದು ಅವರ ಫೋನು. ಮೋಟಾರ್ ಮನೆಯ ಗೋಡೆಯಲ್ಲಿ ಜಿಡ್ಡು ಹಿಡಿದ ಹಳೇ ಸ್ಟಾರ್ಟರ್, ಅದರ ಪಕ್ಕದಲ್ಲೇ ಬಿಳೀ ಮೊಬೈಲ್ ಸ್ಟಾರ್ಟರ್ ಡಬ್ಬಿ. ಆಂಟೆನಾದ ಬುಡದಲ್ಲಿ ಕಣಜ ಗೂಡು ಕಟ್ಟಿತ್ತು. ತ್ರೀ ಫೇಸ್ ಬರುವವರೆಗೆ ಅದಕ್ಕೂ ಕೆಲಸವಿಲ್ಲ, ನನಗೂ ನಿದ್ದೆಯಿಲ್ಲ. ಮಾತಿಗೆ ಕೂತೆವು.

ನಾನು: ನಮಸ್ಕಾರ. ತಮ್ಮ ಯಜಮಾನರು ಯಾರು?

ಡಬ್ಬಿ: ದುಡ್ಡು ಕೊಟ್ಟವರು ನಿಮ್ಮ ಭಾವ. ಅಪ್ಪಣೆ ಕೊಡೋದು ಸರ್ವರ್ರು.

ನಾನು: ಎಲ್ಲಿದ್ದಾರೆ ಅವರು?

ಡಬ್ಬಿ: ಮುಂಬೈ ಕಡೆ ಅಂತಾರೆ, ನಾನು ಕಂಡಿಲ್ಲ. ಹೆಸರೊಂದು ಗೊತ್ತು. ಎಚ್ಚರ ಆದಾಗಲೆಲ್ಲ ಡಿಎನ್‌ಎಸ್ ಅನ್ನೋರನ್ನ ‘ಇಂಥೋರ ಮನೆ ಎಲ್ಲಿ?’ ಅಂತ ಕೇಳ್ಕೊಂಡು ಹೋಗ್ತೀನಿ. ಒಂದ್ನಿಮಿಷ ಸ್ವಾಮಿ... (ನೀಲಿ ದೀಪ ಮಿನುಗಿತು) ಹ್ಞಾಂ, ಹೇಳಿ.

ನಾನು: ಏನದು?

ಡಬ್ಬಿ: ‘ಬದುಕಿದ್ದೀನಿ’ ಅಂತ ಹೇಳಿ ಬಂದೆ. ನಿಮಿಷಕ್ಕೊಂದು ಸಲ ಹೇಳಬೇಕು. ಒಂದೂವರೆ ನಿಮಿಷ ಸುಮ್ಮನಿದ್ದರೆ ಸತ್ತೆ ಅಂತಲೇ ಲೆಕ್ಕ. ನನ್ನ ಉಯಿಲು ತೆಗೆದು ಎಲ್ಲರಿಗೂ ಓದಿಬಿಡ್ತಾರೆ.

ನಾನು: ಉಯಿಲೇ?

ಡಬ್ಬಿ: ತಮಾಷೆಯಲ್ಲ. ನಾವು ಆಡೋ ಭಾಷೆ ಎಂಕ್ಯೂಟಿಟಿ. ದೂರದ ತೈಲ ಪೈಪುಗಳನ್ನ ಉಪಗ್ರಹದ ಮೂಲಕ ಕಾಯೋಕೆ ಅಂತ 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್, ಆರ್ಲೆನ್ ನಿಪ್ಪರ್ ಕಟ್ಟಿದ್ದು. ಅದರಲ್ಲಿ ‘ಲಾಸ್ಟ್ ವಿಲ್’ ಅಂತ ಒಂದು ಏರ್ಪಾಡಿದೆ. ಕನೆಕ್ಟ್ ಆಗೋ ಹೊತ್ತಿಗೇ ಬರೆದುಕೊಡಬೇಕು. ನನ್ನದರಲ್ಲಿ ಇರೋದು ಒಂದೇ ಪದ: ‘ಆಫ್‌ಲೈನ್’. ಆಸ್ತಿಪಾಸ್ತಿ ಏನಿದೆ ನನ್ನ ಹತ್ರ?

ನಾನು: ಭಾವ ನೇರವಾಗಿ ನಿಮಗೇ ಫೋನ್ ಮಾಡಬಹುದಲ್ಲ? ಹಿಂದೆ ಪಂಪು ಮಿಸ್ಡ್ ಕಾಲಿಗೇ ಓಡುತ್ತಿತ್ತು.

ಡಬ್ಬಿ: ಅದು ನನ್ನ ದೊಡ್ಡಪ್ಪನ ಕಾಲ. ಈಗ ನನಗೆ ಹೊರಗಿನವರು ಹುಡುಕ್ಕೊಂಡು ಬರೋ ವಿಳಾಸವೇ ಇಲ್ಲ. ಹಳೇ ಪದ್ಧತಿ ಇಂಟರ್‌ನೆಟ್ ವಿಳಾಸಗಳು ಒಟ್ಟು 429 ಕೋಟಿ ಚಿಲ್ಲರೆ, ಲೋಕಕ್ಕೆ ಸಾಲಲಿಲ್ಲ. ಮೊಬೈಲ್ ಕಂಪನಿಯವರು ಸಾವಿರಾರು ಜನರನ್ನ ಒಂದೇ ಬಾಗಿಲ ಹಿಂದೆ ಕೂಡಿಹಾಕಿದಾರೆ, ವಠಾರದ ಹಾಗೆ. ನಾವು ಹೊರಗೆ ಹೋಗಬಹುದು, ಹೊರಗಿನವರಿಗೆ ನಮ್ಮ ಮನೆ ಸಿಗಲ್ಲ. ಅದಕ್ಕೇ ನಾನು ಹೋಗಿ ಸರ್ವರ್ ಹತ್ರ ಕೂತಿರ್ತೀನಿ, ನಿಮ್ಮ ಭಾವನ ಫೋನೂ ಅಲ್ಲಿಗೇ ಬರುತ್ತೆ. ಮದುವೆ ಮಾತುಕತೆ ಥರ. ಎಲ್ಲ ದಲ್ಲಾಳಿ ಮುಖಾಂತರ.

ನಾನು: ಹೋದ ಯುಗಾದಿಗೆ ಬಂದಾಗ ಭಾವ ಇದೇ ಕಲ್ಲಿನ ಮೇಲೆ ಕೂತು ಫೋನ್ ಒತ್ತಿದ್ದನ್ನು ನೋಡಿದೆ. ನಿಮಗೂ ಅವರಿಗೂ ಮೂರಡಿ ದೂರ.

ಡಬ್ಬಿ: ಆ ಮೂರಡಿಗೆ ಮುಂಬೈವರೆಗೆ ಹೋಗಿ ಬಂದೆ! ಹಸಿರು ಗುಂಡಿ ಒತ್ತೋಕೆ ಅವರು ಏಳಲಿಲ್ಲ. ಹಾಗಂತ ನನ್ನನ್ನ ಪೂರ್ತಿ ಹಳೀಬೇಡಿ. ಮುಂಚೆ ಈ ಸರಿರಾತ್ರೀಲಿ ಟಾರ್ಚ್ ಹಿಡಿದು ಹಾವು ತುಳೀತಾ ಬರೋರು. ಬೋರ್‌ನಲ್ಲಿ ನೀರು ಬತ್ತಿ ಆಂಪಿಯರ್ ಇಳೀತು ಅಂದ್ರೆ ಮೋಟಾರ್ ನಿಲ್ಲಿಸೋದು ನಾನೇ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆ ಬುದ್ಧಿ ನನ್ನ ತಲೇಲೇ ಇದೆ.

(ಇದೊಂದು ಮಾತು ಕೇಳಿ ಡಬ್ಬಿಯ ಮೇಲೆ ಗೌರವ ಬಂತು. ನಿಲ್ಲಿಸುವ ಬುದ್ಧಿ ಹತ್ತಿರದಲ್ಲೇ ಇರಬೇಕು.)

ನಾನು: ದಲ್ಲಾಳಿ ಅಂಗಡಿ ಮುಚ್ಚಿದರೆ?

ಡಬ್ಬಿ: ರಿವಾಲ್ವ್ ಅಂತ ಅಮೆರಿಕದಲ್ಲಿ ನಮ್ಮ ಜಾತಿಯವನೊಬ್ಬ ಇದ್ದ, ಮನೆಯ ದೀಪ-ಬೀಗ ನೋಡ್ಕೊಳ್ಳೋನು. ಅವನ ಕಂಪನೀನ ನೆಸ್ಟ್‌ನವರು ಕೊಂಡ್ಕೊಂಡು, 2016ರ ಮೇ 15ಕ್ಕೆ ಸೇವೆ ಬಂದ್ ಮಾಡಿದರು. ಡಬ್ಬಿ ಗಟ್ಟಿಯಾಗೇ ಇತ್ತು, ಕೇಳೋರು ಇರಲಿಲ್ಲ.

ನಾನು: ಕಳ್ಳರ ಭಯ?

ಡಬ್ಬಿ: ಬಾಗಿಲು ತೆಗೆದು ಕೂತೋರಿಗೆ ಜಾಸ್ತಿ. 2023ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಅಲಿಕ್ವಿಪಾ ಅನ್ನೋ ಊರಲ್ಲಿ ನೀರಿನ ಒತ್ತಡ ನೋಡ್ಕೊಳ್ಳೋ ಯೂನಿಟ್ರಾನಿಕ್ಸ್ ಕಂಟ್ರೋಲರ್ ಒಳಗೆ ಯಾರೋ ನುಗ್ಗಿ ಸ್ಕ್ರೀನ್ ಮೇಲೇ ಬೋರ್ಡ್ ಹಾಕಿ ಹೋದರು. ಆ ಕಾಲದಲ್ಲಿ ಹಾಗೆ ಇಂಟರ್‌ನೆಟ್‌ಗೆ ಮೈಯೊಡ್ಡಿ ಕೂತಿದ್ದ ಯೂನಿಟ್ರಾನಿಕ್ಸ್‌ಗಳ ಪಾಸ್‌ವರ್ಡ್, ಕಾರ್ಖಾನೆಯಿಂದ ಬಂದದ್ದು, ‘1111’. ಊರಿನವರು ಕೊನೆಗೆ ಕೈಯಿಂದಲೇ ಪಂಪ್ ನಡೆಸಿದರು.

ನಾನು: ನಿಮ್ಮ ಪಾಸ್‌ವರ್ಡ್?

ಡಬ್ಬಿ: ಅದನ್ನ ಹೇಳಬಾರದು. (ಸ್ವಲ್ಪ ಹೊತ್ತು ಬಿಟ್ಟು) ಮುಚ್ಚಳದ ಒಳಗಡೆ ಎಲೆಕ್ಟ್ರಿಷಿಯನ್ ಮಾರ್ಕರ್‌ನಲ್ಲಿ ಬರೆದಿದಾನೆ.

ಅಷ್ಟರಲ್ಲಿ ಬಲ್ಬು ಪಕ್ಕನೆ ಬೆಳಗಿತು. ತ್ರೀ ಫೇಸ್! ನೀಲಿ ದೀಪ ಒಂದು ಸಲ ಮಿನುಗಿತು, ಇನ್ನೊಂದು ಸಲ ಮಿನುಗಿತು, ಆಮೇಲೆ ಕೆಂಪಾಗಿ ನಿಂತಿತು.

ಡಬ್ಬಿ: ಉತ್ತರ ಬರ್ತಿಲ್ಲ ಸ್ವಾಮಿ. ಸಿಮ್ ರೀಚಾರ್ಜ್ ಮುಗೀತೋ, ಟವರ್ ಮಲಗಿತೋ, ಸರ್ವರ್ರೇ ಹೋದರೋ ಗೊತ್ತಾಗ್ತಿಲ್ಲ. ಈ ಕಡೆಯಿಂದ ನೋಡಿದರೆ ಮೂರೂ ಒಂದೇ ಥರ.

ನನ್ನ ಸಿಮ್ ಬೇರೆ ಕಂಪನಿಯದು. ಅದು ರಿಂಗಾಯಿತು. ಭಾವ.

“ಎದ್ದಿದೀಯೇನೋ? ಆ ಡಬ್ಬಿ ಆಫ್‌ಲೈನ್ ಅಂತ ಬಂತು. ಒಂಚೂರು ಆ ಹಸಿರು ಗುಂಡಿ ಒತ್ತಪ್ಪ.”

ಡಬ್ಬಿ: ಮೊದಲು ಪಕ್ಕದ ತಿರುಗಣೆ ಮ್ಯಾನ್ಯುಯಲ್‌ಗೆ ಹಾಕಿ. ಬೆಳಗಾದ ಮೇಲೆ ವಾಪಸ್ ಆಟೋಗೆ ತಿರುಗಿಸೋದು ಮರೀಬೇಡಿ.

ತಿರುಗಿಸಿದೆ, ಒತ್ತಿದೆ. ಹಳೇ ಸ್ಟಾರ್ಟರ್ ‘ಢಕ್’ ಎಂದಿತು. ಪೈಪು ಎರಡು ಸಲ ಕೆಮ್ಮಿ, ಗಾಳಿ ಉಗುಳಿ, ತೊಟ್ಟಿಗೆ ಕೆಂಪು ನೀರು ಬಿತ್ತು.

“ಭಾವ, ಆನ್ ಆಯ್ತು.”

“ಇಲ್ಲಿ ಆಫ್ ಅಂತಲೇ ತೋರಿಸ್ತಿದೆಯಲ್ಲೋ.”

ಫೋನನ್ನು ಪೈಪಿನ ಬಾಯಿಯ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡರು. “ಸದ್ದೇನೋ ಬರ್ತಿದೆ,” ಎಂದರು ಅನುಮಾನದಿಂದಲೇ. “ಇರು, ಆ್ಯಪ್ ಒಂದ್ಸಲ ರಿಫ್ರೆಶ್ ಮಾಡಿ ನೋಡ್ತೀನಿ.”