ದಪ್ಪ ಪೈಪಿನ ಹಂಬಲ

ಅಡಿಕೆ ತೋಟದ ಊರಿನಲ್ಲಿ ಪೈಪಿನ ಬಗ್ಗೆ ಅಭಿಪ್ರಾಯ ಇಲ್ಲದವರು ಹುಟ್ಟುವುದೇ ಇಲ್ಲ. ಕೇರಳದ ಗಡಿಯೊಳಗಿನ ನಮ್ಮ ಪೆರ್ಲ, ಬದಿಯಡ್ಕದ ಕಡೆ ಮದುವೆ ಊಟಕ್ಕೆ ಕೂತರೂ ಎಡಗಡೆಯವರು ಎರಡಿಂಚು ಬೇಕು ಅನ್ನುತ್ತಾರೆ, ಬಲಗಡೆಯವರು ಒಂದೂವರೆ ಧಾರಾಳ ಅನ್ನುತ್ತಾರೆ. ಪಾಯಸ ಬರುವ ಹೊತ್ತಿಗೆ ಮಾತು ಸ್ಪ್ರಿಂಕ್ಲರ್ ಜೆಟ್ಟಿಗೆ ಮುಟ್ಟಿರುತ್ತದೆ. ಹಾಗಿರುವಾಗ ಅಕ್ಕನ ಮಗ ತನ್ನ ಹಳೆಯ 350 ಸಿಸಿ ಬುಲೆಟ್ಟಿಗೆ ದಪ್ಪದ ಬೆಂಡ್ ಪೈಪು ಹಾಕಿಸುತ್ತೇನೆ ಎಂದಾಗ ಜಗಲಿಯಲ್ಲಿದ್ದವರೆಲ್ಲ ಒಮ್ಮೆಲೇ ತಜ್ಞರಾದದ್ದರಲ್ಲಿ ಆಶ್ಚರ್ಯವಿಲ್ಲ.

ಇಂಜಿನ್ನಿನ ತಲೆಯಿಂದ ಹೊರಟು, ಬಾಗಿ, ಸೈಲೆನ್ಸರನ್ನು ಸೇರುವ ಕೊಳವೆಯೇ ಈ ಬೆಂಡ್ ಪೈಪು. "ಮಾವ, ಹೊಗೆ ಸಲೀಸಾಗಿ ಹೋದಷ್ಟೂ ಪವರ್ ಜಾಸ್ತಿ" ಎಂಬುದು ಹುಡುಗನ ಸಿದ್ಧಾಂತ. ಎಲ್ಲಿಂದಲೋ 42 ಮಿಲಿಮೀಟರ್ ಒಳವ್ಯಾಸದ ಒಂದು ಕೊಳವೆಯನ್ನು ನೋಡಿಯೂ ಬಂದಿದ್ದ. ಭಾವ ತಲೆಯಾಡಿಸಿದರು. ದೊಡ್ಡಪ್ಪ ಮಾತ್ರ, "ಸಣ್ಣ ಮಾಡಿದರೆ ರಭಸ ಬರುತ್ತದೆ. ಹೋಸ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡು" ಎಂದರು.

ನಾನು ಪೆನ್ಸಿಲ್ ಹಿಡಿದೆ. ಬುಲೆಟ್ಟಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 70 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಒಮ್ಮೆ ಸಾಗುವ ದೂರ, 90. ನಿಮಿಷಕ್ಕೆ 5000 ಸುತ್ತು ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್. ಪೈಪಿನ ವ್ಯಾಸ ಬೋರಿನ ಅರ್ಧ, ಅಂದರೆ 35 ಇದ್ದರೆ ದಾರಿ ಕಾಲುಭಾಗವಾಗುತ್ತದೆ, ಹೊಗೆಯ ಓಟ ನಾಲ್ಕು ಪಟ್ಟು, 60 ಮೀಟರ್. ಇಂಜಿನ್ ಹದಮಾಡುವವರು ಪೂರ್ತಿ ಶಕ್ತಿಯ ಹೊತ್ತಿಗೆ 75ಕ್ಕಾದರೂ ಮುಟ್ಟಲಿ ಎನ್ನುತ್ತಾರೆ. ಅದಕ್ಕೆ ಪೈಪು 31ಕ್ಕೆ ಇಳಿಯಬೇಕು! ನಮ್ಮ ಹುಡುಗನ 42ರಲ್ಲಿ ಸಿಗುವುದು ಬರೀ 42 ಮೀಟರ್. ಅದೂ 5000 ಸುತ್ತಿನಲ್ಲಿ. ನಮ್ಮ ರಸ್ತೆಯ ಹೊಂಡಗಳ ನಡುವೆ 3000 ದಾಟಿದರೆ ಪುಣ್ಯ. ಆಗ ಹೊಗೆ 25 ಮೀಟರಿನಲ್ಲಿ ಕಾಲೆಳೆದುಕೊಂಡು ಹೋಗುತ್ತದೆ.

ದೊಡ್ಡಪ್ಪ ಗೆದ್ದಂತೆ ಮೀಸೆ ತಿರುವಿದರು. ಆದರೆ ಅವರದ್ದೂ ಅರ್ಧ ಸತ್ಯವೇ. ಪಂಪಿನ ನೀರು ಒಂದೇ ಸಮನೆ ಹರಿಯುತ್ತದೆ, ಇಂಜಿನ್ ಎರಡು ಸುತ್ತಿಗೊಮ್ಮೆ ಢಬ್ ಎಂದು ಉಗುಳುತ್ತದೆ. ಆ ಢಬ್ಬಿನ ಒತ್ತಡದ ಅಲೆ ಬಿಸಿ ಹೊಗೆಯಲ್ಲಿ ಸೆಕೆಂಡಿಗೆ 500 ಮೀಟರಿಗೂ ಮಿಕ್ಕಿ ಓಡಿ, ಕೊಳವೆ ಅಗಲವಾಗುವಲ್ಲಿ ತಿರುಗಿ, ಎಳೆತದ ಅಲೆಯಾಗಿ ವಾಪಸು ಬರುತ್ತದೆ. ಎರಡೂ ವಾಲ್ವುಗಳು ಚೂರು ಚೂರು ತೆರೆದಿರುವ ಗಳಿಗೆಗೆ ಸರಿಯಾಗಿ ಬಂದು ಮುಟ್ಟಿದರೆ, ಉಳಿದ ಹೊಗೆಯನ್ನು ಸೆಳೆದು ಹೊಸ ಪೆಟ್ರೋಲ್-ಗಾಳಿಯನ್ನು ಒಳಗೆ ಕರೆಯುತ್ತದೆ. ಅಲೆ ಯಾವಾಗ ಬರಬೇಕು ಎಂಬುದು ಪೈಪಿನ ಉದ್ದಕ್ಕೆ ಸೇರಿದ್ದು, ಎಷ್ಟು ಜೋರಾಗಿ ಬರಬೇಕು ಎಂಬುದು ದಪ್ಪಕ್ಕೆ. ತೀರಾ ದಪ್ಪವಾದರೆ ಅಲೆ ಸೊರಗುತ್ತದೆ, ತೀರಾ ಸಪೂರವಾದರೆ ಜೋರು ಓಟದಲ್ಲಿ ಇಂಜಿನ್ನಿಗೆ ಉಸಿರು ಕಟ್ಟುತ್ತದೆ.

"ನನ್ನ ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಪೈಪು ಎರಡಿತ್ತು, ಗೊತ್ತುಂಟಾ?" ಎಂದು ದೊಡ್ಡಪ್ಪ ಹಳೆಯ ವೈಭವಕ್ಕೆ ಜಾರಿದರು. ಇತ್ತು, ಸುಳ್ಳಲ್ಲ. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕುವವರೆಗೂ ಆ ಔದಾರ್ಯ ನಡೆದಿತ್ತು. ಆದರೆ ಅದು ಟೂ ಸ್ಟ್ರೋಕ್, ಅದರ ಶಾಸ್ತ್ರವೇ ಬೇರೆ. ಪೂರ್ವ ಜರ್ಮನಿಯ ಎಂ.ಝಡ್. ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬವರು 1950ರ ದಶಕದಲ್ಲಿ ಟೂ ಸ್ಟ್ರೋಕ್ ಇಂಜಿನ್ನಿಗೆ ನಡುವೆ ಉಬ್ಬಿ ಮತ್ತೆ ಕಿರಿದಾಗುವ ಪೈಪು ಮಾಡಿ ರೇಸಿನವರ ಕಣ್ಣು ಬಿಡಿಸಿದ್ದರು. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಆ ಗುಟ್ಟು ಸಮೇತ ಪಶ್ಚಿಮಕ್ಕೆ ಪರಾರಿಯಾಗಿ ಸುಜುಕಿ ಸೇರಿದ. ಮರುವರ್ಷವೇ 50 ಸಿಸಿ ವಿಶ್ವ ಚಾಂಪಿಯನ್. ಪೈಪಿಗಾಗಿ ಮನುಷ್ಯ ಗಡಿ ದಾಟುತ್ತಾನೆ ಎಂದರೆ ನಂಬಬೇಕು. ನಾವಾದರೋ ಗಡಿ ದಾಟುವುದು ಕರ್ನಾಟಕದ ಅಗ್ಗದ ಪೆಟ್ರೋಲಿಗೆ.

ಕೊನೆಗೆ ಕುಂಬಳೆಯ ಮೆಕ್ಯಾನಿಕ್ಕಿನ ಹತ್ತಿರ ಹೋದೆವು. ಅವನು ನನ್ನ ಲೆಕ್ಕದ ಕಾಗದವನ್ನು ಗೌರವದಿಂದ ನೋಡಿ, ಅದರಲ್ಲೇ ಕೈಯ ಆಯಿಲ್ ಒರೆಸಿಕೊಂಡ. ಪೈಪು ಬಿಚ್ಚಿ, ಇಂಜಿನ್ನಿನ ತೂತಿಗೆ ಬೆರಳು ತೋರಿಸಿ, "ಹೊಗೆ ಬರುವುದು ಇದರಲ್ಲೇ ಅಲ್ವಾ ಅಣ್ಣ? ಹೊರಗೆ ಕೊಡಪಾನ ಕಟ್ಟಿದರೂ ಇದು ದೊಡ್ಡದಾಗ್ತದಾ?" ಎಂದ. ನನ್ನ ಅರ್ಧ ದಿನದ ಗಣಿತ ಅಲ್ಲಿಗೆ ಮುಗಿಯಿತು.

ಹುಡುಗನಿಗೆ ಬೇಕಾಗಿದ್ದದ್ದು ಪವರ್ ಅಲ್ಲ, ಸದ್ದು ಎಂಬುದು ಎಲ್ಲರಿಗಿಂತ ಮೊದಲು ಹೊಳೆದದ್ದು ಅಕ್ಕನಿಗೆ. ತೋಟದ ಲೆಕ್ಕಪತ್ರವೆಲ್ಲ ಅವಳ ಕೈಯಲ್ಲೇ. 175 ಸಿಸಿ ದಾಟಿದ ಬೈಕು ಕಂಪನಿಯಿಂದ ಹೊರಬರುವಾಗ 80 ಡೆಸಿಬೆಲ್ ಮೀರಬಾರದು, ಆಮೇಲೆ ಸದ್ದಿನ ನಿಯಮ ಮೀರಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10,000 ರೂಪಾಯಿಯವರೆಗೂ ದಂಡವುಂಟು ಎಂದು ನಾನು ಹೇಳುತ್ತಿದ್ದಂತೆ, "ಹತ್ತು ಸಾವಿರ ಅಂದರೆ ಎಷ್ಟು ಕಿಲೋ ಚಾಲಿ ಅಡಿಕೆ?" ಎಂದು ಮಗನನ್ನು ಕೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹಳೇ ಪೈಪಿಗೇ ಕ್ರೋಮ್ ಹಾಕಿಸಲಾ?" ಎಂದ. ಕ್ರೋಮಿಗೆ ಸದ್ದಿಲ್ಲವಾದ್ದರಿಂದ ಮಂಜೂರಾಯಿತು.