ಕುರುಡು ಚಿತ್ತೆ

ನಮ್ಮ ದೊಡ್ಡಪ್ಪನ ಸ್ವಭಾವಕ್ಕೆ ಸರಿಯಾದ ಹೆಸರು ಯಾವುದು ಎಂಬ ಚರ್ಚೆ ಮನೆಯ ಪಡಸಾಲೆಯಲ್ಲಿ ಆಗಾಗ ನಡೆಯುತ್ತದೆ, ಅವರು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಮಾತ್ರ. ಕಾಫಿಯ ಮೊದಲ ಗುಟುಕಿಗೆ ‘ಅಮೃತ ಕಣೇ’ ಎಂದವರು, ಲೋಟ ಕೆಳಗಿಡುವ ಮೊದಲೇ ‘ಈ ಮನೇಲಿ ಒಂದು ಒಳ್ಳೆ ಕಾಫಿಗೂ ಗತಿಯಿಲ್ಲ’ ಎನ್ನಬಲ್ಲರು.

ದೊಡ್ಡಮ್ಮ ‘ಗಳಿಗೆಗೊಂದು ಬುದ್ಧಿ’ ಅನ್ನುತ್ತಾರೆ. ಲೆಕ್ಕ ಹಾಕಿದರೆ ಇದು ತೀರಾ ಉದಾರ. ಗಳಿಗೆಯೆಂದರೆ 24 ನಿಮಿಷ. ಅಷ್ಟು ಹೊತ್ತು ಅವರು ಒಂದೇ ಬುದ್ಧಿಯಲ್ಲಿದ್ದರೆ ದೊಡ್ಡಮ್ಮನೇ ಗಾಬರಿಯಾಗಿ ಹಣೆ ಮುಟ್ಟಿ ನೋಡಿಯಾರು. ‘ಕ್ಷಣಚಿತ್ತ ಕ್ಷಣಪಿತ್ತ’ ಎಂಬುದು ಹತ್ತಿರ ಬರುತ್ತದೆ. ಆದರೆ ಚರಕಸಂಹಿತೆ ಹೇಳುವಂತೆ ಥಟ್ಟನೆ ಒಲಿದು ಥಟ್ಟನೆ ಮುನಿಯುವುದು ವಾತಪ್ರಕೃತಿಯವರ ಲಕ್ಷಣ. ಪ್ರಾಸ ಕೂಡಿತೆಂದು ಪಾಪ, ಪಿತ್ತದ ತಲೆಗೆ ಕಟ್ಟಿದ್ದಾರೆ.

‘ಗೋಸುಂಬೆ’ ಎಂದರೆ ನಾನು ಒಪ್ಪುವುದಿಲ್ಲ. ಲಾಭ ನೋಡಿ ಬಣ್ಣ ಬದಲಿಸುವವರಿಗೆ ಸಲ್ಲುವ ಹೆಸರು ಅದು. ದೊಡ್ಡಪ್ಪನಿಗೆ ಆಗುವುದೆಲ್ಲ ನಷ್ಟವೇ. ಬೀಗರ ಮದುವೆಯಲ್ಲಿ ಸಾರು ಸಪ್ಪೆಯೆಂದು ಎಲೆ ಮುಂದಿನಿಂದ ಎದ್ದು, ಹೋಳಿಗೆ ಬಂತೆಂದು ತಿಳಿದು ಕೈತೊಳೆಯುವಲ್ಲಿ ಪೇಚಾಡಿದವರು ಅವರು. ‘ಪಾದರಸ’ ಎಂದರೆ ಚುರುಕು ಎಂಬ ಹೊಗಳಿಕೆಯಾದೀತು. ನನ್ನ ಮಗಳು ‘ತಾತ ತುಂಬಾ ಮೂಡಿ’ ಅನ್ನುತ್ತಾಳೆ. ಅವರು ಮೂಡುವುದಕ್ಕಿಂತ ಮುಳುಗುವುದೇ ಹೆಚ್ಚಲ್ಲವೇ ಎಂಬುದು ನನ್ನ ತಕರಾರು.

ಶಾಸ್ತ್ರಕ್ಕೆ ಹೋದೆ. ನಾಟ್ಯಶಾಸ್ತ್ರದಲ್ಲಿ ಭರತ ನೆಲೆಯಾಗಿ ನಿಲ್ಲುವ ಸ್ಥಾಯಿಭಾವಗಳನ್ನು 8 ಎಂದೂ ಬಂದುಹೋಗುವ ಭಾವಗಳನ್ನು 33 ಎಂದೂ ಎಣಿಸಿದ್ದಾನೆ. ಆ ಮೂವತ್ತಮೂರೂ ನಮ್ಮ ಪಡಸಾಲೆಯಲ್ಲೇ ಓಡಾಡಿಕೊಂಡಿವೆ. ಆದರೆ ಅವಕ್ಕೆ ಆತ ಇಟ್ಟ ಹೆಸರು ‘ವ್ಯಭಿಚಾರಿ ಭಾವ’. ದೊಡ್ಡಮ್ಮನ ಮುಂದೆ ಆ ಶಬ್ದವನ್ನು ಬಿಡಿಸಿ ಹೇಳುವ ಧೈರ್ಯ ಯಾರಿಗಿದೆ?

ಕೊನೆಗೆ ದಾರಿ ತೋರಿಸಿದವರು ಪಕ್ಕದ ಹೊಲದ ಗೌಡರು. ‘ನಿಮ್ಮ ದೊಡ್ಡಪ್ಪನೋರು ಕುರುಡು ಚಿತ್ತೆ ಇದ್ದಂಗೆ’ ಅಂದರು. ಅಕ್ಟೋಬರಿನಲ್ಲಿ ಬರುವ ಚಿತ್ತಾ ಮಳೆ ಬದುವಿನ ಈಚೆ ಸುರಿದು ಆಚೆ ಒಂದು ಹನಿಯನ್ನೂ ಹಾಕದೆ ಹೋಗಿಬಿಡುತ್ತದೆ. ಅದರ ಮೇಲೆ ಮುನಿಸಿಕೊಂಡು ಯಾರೂ ಹೊಲ ಮಾರುವುದಿಲ್ಲ. ಬೈಗುಳವೂ ಅಲ್ಲದ, ಹೊಗಳಿಕೆಯೂ ಅಲ್ಲದ ಇಂಥ ಹೆಸರೇ ನನಗೆ ಬೇಕಾಗಿತ್ತು.

ದೊಡ್ಡಮ್ಮನಿಗೆ ಅದೂ ಹಿಡಿಸಲಿಲ್ಲ. ‘ಅವರದ್ದು ಮಗುವಿನ ಮನಸ್ಸು ಕಣೋ’ ಎಂದರು. ಒಳಗಿನಿಂದ ‘ಕಾಫಿ!’ ಎಂಬ ಗರ್ಜನೆ ಕೇಳಿದ್ದೇ ತಡ, ‘ತಿಕ್ಕಲು ಮನುಷ್ಯ’ ಎಂದು ಎದ್ದರು. ಹೆಸರಿಡುವವರ ಚಿತ್ತವೂ ಹೀಗೆ ಓಡುತ್ತಿದ್ದರೆ ಹೆಸರು ನಿಂತೀತು ಹೇಗೆ?

ಕಾಫಿ ಕುಡಿಯುವಾಗ ದೊಡ್ಡಪ್ಪನನ್ನೇ ಕೇಳಿದೆ. ಕಣ್ಣರಳಿಸಿ, ‘ನಾನೇನಪ್ಪಾ, ಒಂದೇ ಮಾತಿನ ಮನುಷ್ಯ’ ಎಂದರು. ನಾನೂ ‘ಹೌದು ದೊಡ್ಡಪ್ಪ, ನೀವು ಒಂದೇ ಮಾತಿನವರು’ ಎಂದೆ.

‘ಹಾಗಂತ ಯಾರು ಹೇಳಿದ್ದು ನಿನಗೆ?’ ಎಂದು ರೇಗಿದರು.