ಕಮತಗಿಯಲ್ಲಿ ಅಂದಿನ ಹೂವು ಅಂದೇ ಮುಟ್ಟುವ ಬಗೆ: ಒಂದು ಪ್ರೌಢ ವಿಚಾರ

ಮೊದಲು ಆಕ್ಷೇಪ ನಿವಾರಣೆ. ಗುಡ್ಡಗಾಡು ಊರುಗಳ ಪುಷ್ಪವಿತರಣೆಯನ್ನು ವಿಚಾರಿಸಹೊರಟು ಹುನಗುಂದ ತಾಲ್ಲೂಕಿನ ಕಮತಗಿಯನ್ನು ಹಿಡಿದದ್ದೇಕೆ ಎಂದು ಪೂರ್ವಪಕ್ಷಿಗಳು ಕೇಳಬಹುದು. ಹೆಸರಲ್ಲೇ ಗುಡ್ಡವಿಟ್ಟುಕೊಂಡ ಗುಳೇದಗುಡ್ಡ ಹತ್ತಿರದಲ್ಲೇ ಇರುವುದರಿಂದ ಸಾಮೀಪ್ಯ ಸಂಬಂಧದ ಮೂಲಕ ಕಮತಗಿಗೂ ಗುಡ್ಡತ್ವ ಸಿದ್ಧಿಸುತ್ತದೆ. ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿಯನ್ನು ಸಾಧಿಸಿದ ತಾರ್ಕಿಕರು ಇಷ್ಟಕ್ಕೆ ತಕರಾರು ತೆಗೆಯಬಾರದು.

1910ರಲ್ಲಿ ಅಮೆರಿಕದ ಹೂವಿನಂಗಡಿಯವರು ತಂತಿ ಕೊಟ್ಟು ದೂರದೂರಲ್ಲಿ ಹೂವು ಮುಟ್ಟಿಸುವ ಸಂಘ ಕಟ್ಟಿಕೊಂಡರು. ಅಲ್ಲಿಂದಲೇ ಈ ವಿದ್ಯೆ ಹುಟ್ಟಿತೆಂಬುದು ನಗರದ ವಿದ್ವಾಂಸರ ಮತ. ಅವರು ಬಾದಾಮಿಯ ಮೂರನೇ ಗುಹೆಯವರೆಗೂ ಮೆಟ್ಟಿಲು ಹತ್ತಿದವರಲ್ಲ. ಅಲ್ಲಿನ ಮಂಗಳೇಶನ ಕನ್ನಡ ಶಾಸನ, ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ಬಿಟ್ಟುಕೊಟ್ಟದ್ದನ್ನು ಹೇಳುವಾಗ ಮಾಲಕಾರರನ್ನು ಮರೆತಿಲ್ಲ. ಆರನೇ ಶತಮಾನದ ಅರಸ ಹೂವು ಕಟ್ಟುವವರ ಪಾಲನ್ನು ಬಂಡೆಯ ಮೇಲೆ ಕೊರೆಸಿಟ್ಟ. ಹೂವು ಎಷ್ಟು ಗಂಟೆಗೆ ಬರಬೇಕೆಂದು ಮಾತ್ರ ಕೊರೆಸಲಿಲ್ಲ. ಆ ದಿನ ಬಾರದ ಹೂವನ್ನು ಯಾವ ದೇವರೂ ಏರಿಸಿಕೊಳ್ಳುವುದಿಲ್ಲವೆಂದು ಅವನಿಗೆ ಯಾರೂ ತಿಳಿಸಿ ಹೇಳಬೇಕಿರಲಿಲ್ಲ.

ಇನ್ನು ಕಾಲಮೀಮಾಂಸೆ, ಇದೇ ಈ ಪ್ರಬಂಧದ ಹೊಸ ಶೋಧ. ಪಟ್ಟಣದ ಕ್ರಮದಲ್ಲಿ ಮೊದಲು ಆರ್ಡರ್, ಆಮೇಲೆ ದುಡ್ಡು, ಕೊನೆಗೆ ಹೂವು. ನಮ್ಮ ಸೀಮೆಯ ಹೂಗಾರರ ಪದ್ಧತಿಯಲ್ಲಿ ಮೊದಲು ಹೂವು-ಪತ್ರಿ, ತಿಂಗಳುಗಟ್ಟಲೆ ಬರೀ ಹೂವು-ಪತ್ರಿ, ಸುಗ್ಗಿ ಬಂದಾಗ ಆಯವೆಂದು ಒಂದಿಷ್ಟು ಜೋಳ. ಆರ್ಡರ್ ಎಂಬುದು ಎಲ್ಲೂ ಇಲ್ಲ. ಕೇಳುವ ಮೊದಲೇ ಮುಟ್ಟುವ ಈ ಸೇವೆಯ ವೇಗ ಸೊನ್ನೆಗಿಂತ ಕಡಿಮೆ ಎಂದೇ ಹೇಳಬೇಕಾಗುತ್ತದೆ. ಜೋಳದ ಬದಲು ನೋಟು ಬಂದ ಮೇಲೂ ವೇಗ ಕುಗ್ಗಿಲ್ಲ.

ವಿಳಾಸದ ಪ್ರಶ್ನೆ ಚಿಕ್ಕದು. ಕಮತಗಿ ನೇಕಾರರ ಊರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವಳು ಲಾಳಿ ಬಿಟ್ಟು ಏಳುವುದಿಲ್ಲ. ಎಲೆಯಲ್ಲಿ ಸುತ್ತಿದ ಪೊಟ್ಟಣ ಚಿಲಕಕ್ಕೆ ಸಿಕ್ಕಿಕೊಳ್ಳುತ್ತದೆ. ಹೂವು ಎಲ್ಲಿಗೆ ಬಂತೆಂದು ನೋಡಲು ಫೋನ್ ಬೇಡ, ಎದುರುಮನೆ ಕಟ್ಟೆಯ ಮೇಲೆ ಕೂತ ಆಯಿಯನ್ನು ಕೇಳಿದರಾಯಿತು. ಅವಳು ಕೇಳದಿದ್ದರೂ ಹೇಳುತ್ತಾಳೆ.

ಅಳತೆಯದೇ ದೊಡ್ಡ ತೊಡಕು. ಕರಾವಳಿಯ ಶಂಕರಪುರದ ಮಲ್ಲಿಗೆಯವರದು ಲೆಕ್ಕದ ಬಾಳು: ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮಲ್ಲಿ ಮೊಳ, ಮಾರು. ಮೊಳದ ಉದ್ದ ಮಾರುವವಳ ಕೈಯಷ್ಟು, ಕೊಳ್ಳುವವಳ ಬಾಯಿಯಷ್ಟು.

“ಯಕ್ಕಾ, ಇದ ಮೊಳ ಏನ? ಗೇಣ ಆದೀತು.”

“ದೇವ್ರು ಕೊಟ್ಟಿದ್ದ ಕೈ ಇಷ್ಟ ಐತಿ, ಏನ ಮಾಡ್ಲಿ ಯವ್ವಾ? ತಗೋ, ಎರಡ ಸೇವಂತಿ ಕೊಸರು.”

ದೀಪಾವಳಿ ಹತ್ತಿರವಾದಂತೆ ಹೂವು ಅಳೆಯಲು ಮೊಮ್ಮಗಳು ಬಂದು ಕೂರುವುದರ ಹಿಂದೆ ಯಾವ ಗಣಿತವಿದೆ ಎಂಬುದನ್ನು ವಾಚಕರ ಊಹೆಗೆ ಬಿಟ್ಟಿದ್ದೇನೆ.

ಉಳಿದದ್ದೊಂದು ವ್ಯಾಜ್ಯ. ಶ್ರಾವಣ ಸೋಮವಾರ ಚಿಲಕಕ್ಕೆ ಸಿಕ್ಕಿಸಿದ ಪತ್ರಿಯನ್ನು ಮನೆಯ ಆಡು ಮೇಯ್ದರೆ ಅದು ಮುಟ್ಟಿದಂತೋ, ಮುಟ್ಟದಂತೋ? ಮುಟ್ಟಿದೆ, ಆದರೆ ಆಡಿಗೆ, ಎಂಬುದು ಒಂದು ಪಂಥ. ಆಡೂ ಮನೆಯದೇ ಆದ್ದರಿಂದ ಮನೆಗೇ ಮುಟ್ಟಿತೆಂಬುದು ಇನ್ನೊಂದು. ಈ ಬಗ್ಗೆ ಹೂಗಾರರೊಬ್ಬರು ಕೊಟ್ಟ ತೀರ್ಪು ಎರಡೂ ಪಂಥಗಳ ಬಾಯಿ ಮುಚ್ಚಿಸಿದೆ: “ಅದೂ ಸೋಮವಾರ ಹಿಡದೈತಿ ಬಿಡ್ರಿ. ಮುಂದಿನ ವಾರದಿಂದ ಎರಡ ಪೊಟ್ಟಣ ಹಾಕ್ತೀನಿ. ಆಡಿಂದು ಬ್ಯಾರೆ ಲೆಕ್ಕ.”